ಯಂತ್ರ ಕೇಳಿಸಿಕೊಳ್ಳದ ‘ನಕ್ಕೊ’
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನಮ್ಮ ಮನೆಗಳಲ್ಲಿ ಆಡುವುದು ದಖನಿ. ಶಾಲೆಯಲ್ಲಿ ಕಲಿಯುವುದು ಪುಸ್ತಕದ ಉರ್ದು. ಸಂತೆ, ಕಚೇರಿಗೆ ಹೋದರೆ ಕನ್ನಡ. ಇವುಗಳ ನಡುವೆ ಈಗ ಮೊಬೈಲು ದುಭಾಷಿಯಾಗಿ ಬಂದು ನಿಂತಿದೆ.

ಕಳೆದ ವರ್ಷ ಏಳನೇ ತರಗತಿಯ ಬಾಲಕಿಯೊಬ್ಬಳ ತಾಯಿ ಶಾಲೆಗೆ ಬಂದಿದ್ದರು. ಉರ್ದು ಬಾರದ ಸಹೋದ್ಯೋಗಿಯೊಬ್ಬರು ಫೋನು ಮುಂದೆ ಹಿಡಿದರು. ‘ಬಚ್ಚೀಕು ಟೀಸಿ ನಕ್ಕೊ, ಪಢಾಯಿ ಹೋನಾ’ ಎಂದರು ಆ ತಾಯಿ. ಮಗುವಿಗೆ ಟೀಸಿ ಬೇಡ, ಓದು ಬೇಕು ಎಂದರ್ಥ. ಕನ್ನಡದಲ್ಲಿ ಬಂದ ಸಾಲಿನಲ್ಲಿ ‘ಬೇಡ’ ಇರಲಿಲ್ಲ, ಟೀಸಿ ಮಾತ್ರ ಇತ್ತು. ನಾನು ಒಳಗೆ ಬರುವ ಹೊತ್ತಿಗೆ ಟೀಸಿ ಪುಸ್ತಕ ಮೇಜಿನ ಮೇಲಿತ್ತು!

ಹೀಗೇಕಾಯಿತು? ಯಂತ್ರ ಅರ್ಥ ತಿಳಿದು ಅನುವಾದಿಸುವುದಿಲ್ಲ. ಜನ ಮೊದಲೇ ಬರೆದಿಟ್ಟ ಲಕ್ಷಾಂತರ ವಾಕ್ಯಗಳ ಜೋಡಿಗಳನ್ನು ನೋಡಿ ಅಂದಾಜು ಕಲಿಯುತ್ತದೆ. ಗೂಗಲ್ ಅನುವಾದಕ್ಕೆ ಉರ್ದು 2010ರಲ್ಲಿ, ಕನ್ನಡ 2011ರಲ್ಲಿ ಸೇರಿದವು. ಮದ್ರಾಸ್ ಐಐಟಿಯ ‘ಎಐ4ಭಾರತ್’ 2023ರಲ್ಲಿ ಹೊರತಂದ ‘ಇಂಡಿಕ್‌ಟ್ರಾನ್ಸ್2’ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳನ್ನೂ ಬಲ್ಲದು. ಆ ಪಟ್ಟಿಯಲ್ಲಿ ಉರ್ದು ಇದೆ, ದಖನಿ ಇಲ್ಲ. ಪುಸ್ತಕದ ಉರ್ದುವಿನಲ್ಲಿ ‘ಹೋನಾ’ ಎಂದರೆ ಆಗುವುದು, ಇರುವುದು. ನಮ್ಮಲ್ಲಿ ಕನ್ನಡದ ‘ಬೇಕು’. ‘ನಕ್ಕೊ’ ಮರಾಠಿಯಿಂದ ಬಂದದ್ದು. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ‘ಕಿತಾಬ್-ಎ-ನೌರಸ್’ ಬರೆದದ್ದು ದಖನಿಯಲ್ಲಿಯೇ. ಆಮೇಲೆ ನಾವೇ ಅದನ್ನು ಅಡುಗೆಮನೆಗೆ ಕಳಿಸಿದೆವು. ನಾನೂ ಮಕ್ಕಳ ‘ನಕ್ಕೊ’ಗೆ ಕೆಂಪು ಶಾಯಿ ಎಳೆದವನೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಆರ್ಟ್‌ಪಾರ್ಕ್, ಗೂಗಲ್ ನೆರವಿನಿಂದ ‘ವಾಣಿ’ ಎಂಬ ಯೋಜನೆ ನಡೆಸುತ್ತಿವೆ. ಜನರಿಗೆ ಚಿತ್ರ ತೋರಿಸಿ, ಅದನ್ನು ಅವರವರ ಮಾತಿನಲ್ಲೇ ಹೇಳಿಸಿ ಧ್ವನಿ ಮುದ್ರಿಸುತ್ತಾರೆ. ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ತಾಸಿಗೂ ಹೆಚ್ಚು ಮಾತು ಕೂಡಿಸುವ ಗುರಿ. ಮೊದಲ ಹಂತದಲ್ಲಿಯೇ ಬಳ್ಳಾರಿ ಜಿಲ್ಲೆಯ ಹೆಸರಿತ್ತು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ನಮ್ಮ ತಾಲ್ಲೂಕುಗಳು ಅದರಲ್ಲಿವೆ. ಇಂಥವರು ಊರಿಗೆ ಬಂದರೆ, ದಯವಿಟ್ಟು ರೇಡಿಯೋ ಉರ್ದು ಮಾತಾಡಲು ಹೋಗಬೇಡಿ. ಮನೆಯ ಹಿರಿಯ ನಾನೀ, ದಾದಿಯರನ್ನು ಮುಂದೆ ಕೂಡಿಸಿ. ಅವರು ಆಡುವ ಹಾಗೆಯೇ ಆಡಲಿ.

ಅಲ್ಲಿಯವರೆಗೆ ಆಸ್ಪತ್ರೆ, ತಹಶೀಲ್ದಾರ್ ಕಚೇರಿಯಲ್ಲಿ ಫೋನು ಹೇಳಿದ್ದನ್ನು ಎರಡೂ ಭಾಷೆ ಬಲ್ಲ ಮಗುವಿಂದ ಒಮ್ಮೆ ಓದಿಸಿ ನೋಡಿ. ಆ ಹುಡುಗಿ ಈಗ ಎಂಟನೇ ತರಗತಿ. ತಾಯಿಯ ಜೊತೆ ಎಲ್ಲಿಗೆ ಹೋದರೂ ಆ ಕೆಲಸ ಅವಳದೇ.