ಹ್ಯಾಂಡ್‌ಬ್ರೇಕ್ ಎಳೆದರೂ ಏರು ಹತ್ತದ ಪಿಕಪ್

ನಾನಿರೋದು ಪುಣೆಯಲ್ಲಿ, ಸಾಫ್ಟ್‌ವೇರ್ ಕೆಲಸ. ಊರು ಶಿರಸಿ ಹತ್ರ. ಹೋದ ವರ್ಷ ಆಷಾಢದ ಒಂದು ರಾತ್ರಿ ಅಪ್ಪ ಫೋನ್ ಮಾಡಿದ್ರು. ಅಜ್ಜಿಗೆ ಉಬ್ಬಸ ಜೋರಾಗಿದೆ, ಆಸ್ಪತ್ರೆಗೆ ಹೊರಟ ಪಿಕಪ್ ಮನೆ ಮುಂದಿನ ಏರಿನಲ್ಲೇ ಸಿಕ್ಕಿಬಿದ್ದಿದೆ. ಹಿಂದಿನ ಎಡ ಚಕ್ರ ಕೆಸರಲ್ಲಿ ಗರಗರ ತಿರುಗ್ತಿದೆ, ಗಟ್ಟಿ ಕಲ್ಲಿನ ಮೇಲಿರೋ ಬಲ ಚಕ್ರ ಮಾತ್ರ ಅಲ್ಲಾಡ್ತಿಲ್ಲ.

"ಹ್ಯಾಂಡ್‌ಬ್ರೇಕ್ ಅರ್ಧ ಎಳೆದು ಆಕ್ಸಿಲರೇಟರ್ ಕೊಡಿ" ಅಂದೆ. ಯಾವುದೋ ವಿಡಿಯೋದಲ್ಲಿ ನೋಡಿದ್ದೆ. ಅಪ್ಪ ಐದಾರು ಸಲ ಮಾಡಿದ್ರು. ಚಕ್ರ ಇನ್ನಷ್ಟು ಹೂತುಕೊಂಡಿತು. ಪಕ್ಕದ ಮನೆಯವರ ಟ್ರ್ಯಾಕ್ಟರ್ ಬಂದು ಎಳೆಯೋಷ್ಟರಲ್ಲಿ ಮುಕ್ಕಾಲು ಗಂಟೆ. ಅಜ್ಜಿ ಹುಷಾರಾದ್ರು. ಆದ್ರೆ ಆ ಮುಕ್ಕಾಲು ಗಂಟೆಯಲ್ಲಿ ನನ್ನ ಸಲಹೆಯ ಪಾಲೆಷ್ಟು ಅನ್ನೋದು ತಲೆ ತಿನ್ನೋಕೆ ಶುರುವಾಯ್ತು. ಎಂಟೆಕ್ ಮಾಡಿದೋನು (ಕಂಪ್ಯೂಟರ್ ಸೈನ್ಸ್, ಒಪ್ಕೋತೀನಿ), ಪೆನ್ನು ಕಾಗದ ಹಿಡಿದು ಕೂತೆ.

ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು. ಅದಕ್ಕೇ ಡಿಫರೆನ್ಷಿಯಲ್ ಇರೋದು. ಓಪನ್ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಬೇರೆ ಬೇರೆ ವೇಗ ಬಿಡುತ್ತೆ, ಆದ್ರೆ ಟಾರ್ಕ್ ಮಾತ್ರ ಸಮ ಹಂಚುತ್ತೆ. ಖಾಲಿ ಪಿಕಪ್‌ನ ಹಿಂದಿನ ಆಕ್ಸಲ್ ಮೇಲೆ 700 ಕೆಜಿ ಭಾರ ಅಂದ್ಕೊಳ್ಳಿ, ಒಂದೊಂದು ಚಕ್ರಕ್ಕೆ 350. ಘರ್ಷಣೆಯ ಗುಣಾಂಕ ಕೆಸರಲ್ಲಿ 0.2, ಗಟ್ಟಿ ನೆಲದಲ್ಲಿ 0.7 ಅಂತಿಟ್ಕೊಂಡ್ರೆ ಎಡ ಚಕ್ರ ತಡೆಯೋದು 70 ಕೆಜಿ ಎಳೆತ, ಬಲ ಚಕ್ರ 245. ಆದ್ರೆ ಎಡಕ್ಕೆ 70 ಅಂದ್ರೆ ಬಲಕ್ಕೂ ಅಷ್ಟೇ. ಒಟ್ಟು 140. ಎರಡೂ ಚಕ್ರ ಲಾಕ್ ಆಗಿದ್ರೆ 315 ಸಿಗ್ತಿತ್ತು.

ಈಗ ಹ್ಯಾಂಡ್‌ಬ್ರೇಕ್. ತಿರುಗೋ ಚಕ್ರವನ್ನ ಅದು ತಡೆಯುತ್ತೆ, ಅಷ್ಟು ಹೆಚ್ಚಿನ ಟಾರ್ಕ್ ಬಲಕ್ಕೂ ಹೋಗುತ್ತೆ, ನಿಜ. ಆದ್ರೆ ಅದೇ ಕೇಬಲ್ ಬಲ ಚಕ್ರವನ್ನೂ ಹಿಡಿದಿರುತ್ತಲ್ಲ! ಬಂದಿದ್ದನ್ನ ಅಲ್ಲೇ ನುಂಗಿಬಿಡುತ್ತೆ, ನೆಲಕ್ಕೆ ಸೇರೋದು ಅದೇ 70. ಲಿಮಿಟೆಡ್ ಸ್ಲಿಪ್ ಇರೋ ಗಾಡಿಯಲ್ಲಿ ಈ ಉಪಾಯ ಫಲ ಕೊಡಬಹುದು, ನಮ್ಮದರಲ್ಲಿ ಅಲ್ಲ. ಬ್ರೇಕ್ ಹಾಕಬೇಕಾದ್ದು ತಿರುಗೋ ಚಕ್ರಕ್ಕೆ ಮಾತ್ರ. ಹೊಸ ಗಾಡಿಗಳ ಟ್ರ್ಯಾಕ್ಷನ್ ಕಂಟ್ರೋಲ್ ಮಾಡೋದು ಇದನ್ನೇ. ಟ್ರ್ಯಾಕ್ಟರ್‌ಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಪೆಡಲ್ ಇರುತ್ತೆ. ಚಿಕ್ಕಂದಿನಿಂದ ನೋಡಿದ್ದೆ, ಯಾಕೆ ಅಂತ ಒಂದಿನಾನೂ ಕೇಳಿರಲಿಲ್ಲ.

ಲಾಕರ್ ಹಾಕಿಸೋಣ ಅಂದೆ. ರೇಟು ಕೇಳಿ ಅಪ್ಪ ನಕ್ಕರು. ಸರಿ, ಭಾರ ಹಾಕೋಣ. ಆಕ್ಸಲ್ ಮೇಲೆ ನೇರವಾಗಿ 200 ಕೆಜಿ ಇಟ್ರೆ 140 ಇದ್ದಿದ್ದು 180 ಆಗುತ್ತೆ. ಆ ಭಾರವನ್ನೂ ಏರು ಹತ್ತಿಸಬೇಕಲ್ವಾ? ಹತ್ತಕ್ಕೆ ಒಂದರ ಏರಿನಲ್ಲಿ ಅದಕ್ಕೆ ಹೋಗೋದು ಸುಮಾರು 20, ಸಿಗೋದು 40. ಲಾಭವೇ. ಆದ್ರೆ ಆಕ್ಸಲ್‌ಗಿಂತ ಹಿಂದೆ, ಬಾಗಿಲ ಹತ್ರ ಇಡಬಾರದು, ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಜಾರುತ್ತೆ. ಕಟ್ಟದೇನೂ ಬಿಡಬಾರದು, ಜೋರಾಗಿ ಬ್ರೇಕ್ ಹಾಕಿದ್ರೆ ಮೂಟೆ ಕ್ಯಾಬಿನ್‌ಗೇ ಬಂದು ಬಡಿಯುತ್ತೆ. ಟೈರಲ್ಲಿ ಲೋಡಿಗೆ ಅಂತ ತುಂಬಿಸಿದ ಗಾಳಿಯನ್ನ ಮಳೆಗಾಲದಲ್ಲಿ ಖಾಲಿ ಓಡಿಸುವಾಗ ಖಾಲಿ ಗಾಡಿಯ ಅಳತೆಗೆ ಇಳಿಸಿದ್ವಿ, ಅಡಿಕೆ ಹೇರುವಾಗ ಮತ್ತೆ ತುಂಬಿಸ್ತಾರೆ. ಏರಿನ ಎಡಬದಿಯ ಗುಂಡಿಗೆ ಜಲ್ಲಿ ಹಾಕಿಸಿದ್ದು ಅಪ್ಪನದೇ ಐಡಿಯಾ. ನಿಜ ಹೇಳ್ಬೇಕಂದ್ರೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ಅದೇ.

ನಾಲ್ಕು ಮೂಟೆ ಮರಳು ತುಂಬಿಸಿ ಅಂದಿದ್ದೆ. "ಮರಳಿನ ರೇಟು ಗೊತ್ತಾ ನಿಂಗೆ?" ಅಂದ್ರು. ಈಗ ಪಿಕಪ್‌ನಲ್ಲಿ ಗೊಬ್ಬರದ ಖಾಲಿ ಚೀಲಕ್ಕೆ ತುಂಬಿಸಿದ ತೋಟದ ಮಣ್ಣಿದೆ. ಈ ಮಳೆಗಾಲದಲ್ಲಿ ಅಜ್ಜಿಯನ್ನ ಎರಡು ಸಲ ಚೆಕಪ್‌ಗೆ ಕರ್ಕೊಂಡು ಹೋಗಿ ಬಂದಿದ್ದಾರೆ. ಟ್ರ್ಯಾಕ್ಟರ್ ಕರೆಸಿಲ್ಲ.