ಕಾಡಲ್ಲಿ ಕಾಣೆಯಾದ ಹಿರಿಯರನ್ನು ಹುಡುಕುವಾಗ



2013ರ ಜುಲೈನಲ್ಲಿ ಅಮೆರಿಕದ ಮೇನ್ ರಾಜ್ಯದ ಕಾಡಿನಲ್ಲಿ, ಅಪಲೇಚಿಯನ್ ಟ್ರೈಲ್ ಎಂಬ ಉದ್ದನೆಯ ಕಾಲುದಾರಿ ಹಿಡಿದು ಹೊರಟಿದ್ದ 66 ವರ್ಷದ ತಾಯಿಯೊಬ್ಬರು ಕಾಣೆಯಾದರು. ಬಹಿರ್ದೆಸೆಗೆಂದು ದಾರಿ ಬಿಟ್ಟು ಪಕ್ಕಕ್ಕೆ ಹೋದವರಿಗೆ ಮತ್ತೆ ದಾರಿ ಸಿಗಲಿಲ್ಲ. ಸಿಗ್ನಲ್ ಇಲ್ಲದೆ ಗಂಡನಿಗೆ ಮೆಸೇಜು ತಲುಪಲಿಲ್ಲ. ವಾರ್ಡನ್‌ಗಳು, ಸ್ವಯಂಸೇವಕರು, ನಾಯಿಗಳು ಎಲ್ಲ ಸೇರಿ ಹುಡುಕಿದರೂ ಸಿಗಲಿಲ್ಲ. 2015ರಲ್ಲಿ ಅವರ ಟೆಂಟಿನಲ್ಲಿ ಅಸ್ಥಿ ಸಿಕ್ಕಿತು. ಕಾಣೆಯಾದ ಮೇಲೂ ಮೂರು ವಾರಕ್ಕೂ ಹೆಚ್ಚು ಬದುಕಿದ್ದರು ಅಂತ ಅವರೇ ಬರೆದಿಟ್ಟ ಪುಸ್ತಕ ಹೇಳಿತು.

ನಮ್ಮ ತಾಳವಾಡಿ ಸುತ್ತಲೂ ಸತ್ಯಮಂಗಲದ ಕಾಡು. ಹಿರಿಯರು ದನ ಮೇಯಿಸೋಕೆ ಹೋಗ್ತಾರೆ, ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗ್ತಾರೆ. ಊರಿನ ಯಾರೇ ಕಾಣೆಯಾದರೂ ಹುಡುಕೋಕೆ ನಮ್ಮ ಹುಡುಗರನ್ನ ಕರೀತಾರೆ. ನಮ್ಮ ಕೇರಿಯ ಅಜ್ಜ ಕಾಣೆಯಾದರೆ ಮಾತ್ರ "ಎಲ್ಲೋ ಹೋಗಿರ್ತಾನೆ, ಬರ್ತಾನೆ ಬಿಡಿ" ಅಂತಾರೆ. ಆ ಮಾತಿಗೆ ಸುಮ್ಮನಾಗಬೇಡಿ.

ತಕ್ಷಣ 112ಕ್ಕೆ ಫೋನ್ ಮಾಡಿ. ಠಾಣೆಯಲ್ಲಿ ದೂರು ಕೊಟ್ಟು ರಸೀದಿ ಕೇಳಿ ಪಡೆಯಿರಿ. ಆನೆ ಇರುವ ಕಾಡು, ಅರಣ್ಯ ಸಿಬ್ಬಂದಿ ಇಲ್ಲದೆ ಒಳಗೆ ನುಗ್ಗಬೇಡಿ. ಕೊನೆಗೆ ನೋಡಿದವರು ಯಾರು, ಎಲ್ಲಿ, ಎಷ್ಟೊತ್ತಿಗೆ ಅನ್ನೋದನ್ನ ಬರೆದಿಡಿ. ಯಾವ ಹಳ್ಳ ನೋಡಿಯಾಯಿತು, ಯಾವುದು ಬಾಕಿ ಅನ್ನೋದನ್ನೂ ಬರೆಯಿರಿ. ದಾರಿಯೊಂದನ್ನೇ ಅಲ್ಲ, ದಾರಿ ಪಕ್ಕದ ಪೊದೆಗಳನ್ನೂ ನೋಡಿ. ಕೂಗಿದ ಮೇಲೆ ನಿಂತು ಕಿವಿಗೊಡಿ. ವಯಸ್ಸಾದವರ ದನಿ ಸಣ್ಣದು.

ಮೂರನೇ ದಿನಕ್ಕೇ ಕೈಚೆಲ್ಲಬೇಡಿ. ಆ ತಾಯಿ ಮೂರು ವಾರ ಕಾದಿದ್ದರು.

ಜೈ ಭೀಮ್.