ಹಾಲಿನ ಯಂತ್ರಕ್ಕೂ ಒಂದು ನಂಬರು
(ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕಿಳಿದವರು. ಕಂಪ್ಯೂಟರ್ ವಿಚಾರ ಮಾತಾಡಲು ನಮಗೇನು ಯೋಗ್ಯತೆ ಎಂದು ತಾವು ಕೇಳಬಹುದು. ಕಳೆದ ವರ್ಷ ಒಂದು ಬಟವಾಡೆ ಒಂಬತ್ತು ದಿನ ತಡವಾದಾಗ ಬೈಸಿಕೊಂಡವರು ನಾವು. ಅದೇ ಯೋಗ್ಯತೆ.

ಹಾಲು ತೂಗಿ, ಫ್ಯಾಟ್ ನೋಡಿ ಚೀಟಿ ಕೊಡುವ ಯಂತ್ರದ ಲೆಕ್ಕ ಈಥರ್‌ನೆಟ್ ವೈರಿನಲ್ಲಿ ರೂಟರ್ ಪೆಟ್ಟಿಗೆಗೆ ಬಂದು, ಅಲ್ಲಿಂದ ಒಕ್ಕೂಟಕ್ಕೆ ಹೋಗಬೇಕು. ಬೆಳಿಗ್ಗೆ ಹೋದ ಲೆಕ್ಕ ಸಂಜೆ ಹೋಗುತ್ತಿರಲಿಲ್ಲ. ಇಲಿ ಕಡಿದಿರಬೇಕೆಂದು ವೈರು ಬದಲಾಯಿಸಿದೆವು. ಅದು ದಂಡದ ಖರ್ಚು. ಸಾಕೆಟ್ಟಿನ ಹಸಿರು ದೀಪ ಮೊದಲಿನಿಂದಲೂ ಉರಿಯುತ್ತಲೇ ಇತ್ತು, ನಾವೇ ನೋಡಿರಲಿಲ್ಲ. ಅಷ್ಟರಲ್ಲಿ ಒಬ್ಬ ಅಜ್ಜಮ್ಮ, "ಹಾಲು ದಿನಾ ಹಾಕಿಸ್ಕೋತೀರಿ, ದುಡ್ಡು ಕೇಳಿದ್ರೆ ವೈರು ಅಂತೀರಲ್ಲಪ್ಪಾ" ಎಂದರು. ಉತ್ತರ ಇರಲಿಲ್ಲ.

ಆಮೇಲೆ ತಿಳಿಯಿತು. ನಮ್ಮಲ್ಲಿ ಪ್ರತಿ ಸದಸ್ಯರಿಗೆ ಒಂದು ನಂಬರ್ ಇರುವಂತೆ, ವೈರಿಗೆ ಸೇರಿದ ಪ್ರತಿ ಯಂತ್ರಕ್ಕೂ ಐ.ಪಿ. ಎಂಬ ನಂಬರ್ ಇರಬೇಕು. ನಮ್ಮ ಯಂತ್ರಕ್ಕೆ ಕೈಯಿಂದ ಹಾಕಿದ್ದು 192.168.1.105. ರೂಟರ್ ತಾನಾಗಿ ಹಂಚುತ್ತಿದ್ದದ್ದೂ 100ರಿಂದ 199ರವರೆಗಿನ ನಂಬರೇ. ಮಧ್ಯಾಹ್ನ ಯಂತ್ರ ಆರಿಸಿದ್ದಾಗ, ವೈಫೈ ಹಿಡಿದ ಯಾರದೋ ಮೊಬೈಲಿಗೆ ಅದು 105ನ್ನೇ ಕೊಟ್ಟುಬಿಡುತ್ತಿತ್ತು. ಒಂದೇ ನಂಬರಿನಲ್ಲಿ ಇಬ್ಬರು ಹಾಲು ಹಾಕಿದರೆ ಲೆಕ್ಕ ಏನಾದೀತು, ತಾವೇ ಹೇಳಿ!

ಸರಿ, ಯಂತ್ರದ ಸೆಟ್ಟಿಂಗಿಗೆ ಹೋಗಿ 192.168.1.50 ಎಂದು ಬದಲಾಯಿಸಿದೆವು. ಅದು ರೂಟರ್ ಹಂಚುವ ಸಾಲಿನ ಹೊರಗಿದೆ. ಮೊದಲ ಮೂರು ಅಂಕೆ ಮಾತ್ರ ರೂಟರಿನದರಂತೆಯೇ ಇರಬೇಕು. ಸಬ್‌ನೆಟ್ ಮಾಸ್ಕ್ 255.255.255.0 ಎಂದರೆ ಅದೇ ಅರ್ಥ. ಹೀಗೆ ಮಾಡಿದ ಮೇಲೂ ಲೆಕ್ಕ ಒಳಗಿನ ಕಂಪ್ಯೂಟರಿಗೆ ಬಂತೇ ಹೊರತು ಹೊರಗೆ ಹೋಗಲಿಲ್ಲ. ಯಾಕೆಂದರೆ ಗೇಟ್‌ವೇ ಜಾಗವನ್ನು ಖಾಲಿ ಬಿಟ್ಟಿದ್ದೆವು. ಊರ ಹೆಬ್ಬಾಗಿಲು ಎಲ್ಲಿದೆಯೆಂದು ಹೇಳದೆ ಗಾಡಿ ಕಳಿಸಿದ ಹಾಗೆ. ಅಲ್ಲಿ ರೂಟರಿನ ನಂಬರ್ 192.168.1.1 ತುಂಬಿದೆವು, ಡಿ.ಎನ್.ಎಸ್. ಜಾಗದಲ್ಲೂ ಅದನ್ನೇ. ಸೇವ್ ಮಾಡಿ, ಯಂತ್ರ ಆರಿಸಿ ಹಾಕಿದಾಗ ಬಾಕಿಯಿದ್ದ ಲೆಕ್ಕವೆಲ್ಲ ಹೋಯಿತು.

ಈಗ ಯಾವ ಯಂತ್ರಕ್ಕೆ ಯಾವ ನಂಬರ್ ಎಂದು ಬರೆದ ಪುಸ್ತಕವನ್ನು ದರಪಟ್ಟಿಯ ಪಕ್ಕದ ಮೊಳೆಗೆ ನೇತುಹಾಕಿದ್ದೇವೆ. ಹೊಸ ಪ್ರಿಂಟರ್ ತಂದವರು ಮೊದಲು ಅದನ್ನು ನೋಡಿ ಕಾರ್ಯದರ್ಶಿಗಳನ್ನು ಕೇಳಬೇಕು. ಸಂಘದ ವೈಫೈ ಪಾಸ್‌ವರ್ಡನ್ನೂ ಬದಲಾಯಿಸಲಾಗಿದೆ. ಹುಡುಗರು ಬೇಸರ ಮಾಡಿಕೊಳ್ಳಬಾರದು.